ಹೊಕ್ಕು ಬಿಟ್ಟ ಬಟ್ಟೆ

ಪಕ್ಕದ ಮನೆಯ ದೊಡ್ಡಪ್ಪನ ಕೆಳತುಟಿಯ ಮೇಲೆ ಸದಾ ಒಂದು ರೇಷ್ಮೆ ಎಳೆ ಅಂಟಿಕೊಂಡಿರುತ್ತಿತ್ತು. ಮಗ್ಗದಲ್ಲಿ ಹರಿದ ನೂಲನ್ನು ಎಂಜಲಲ್ಲಿ ಒದ್ದೆ ಮಾಡಿ ಹೊಸೆದು ಕೂಡಿಸುವುದು ಅವರ ಅಭ್ಯಾಸ. ಮಿಕ್ಕ ತುಂಡು ತುಟಿಯಲ್ಲೇ ಉಳಿಯುತ್ತಿತ್ತು. “ದೊಡ್ಡಪ್ಪ, ಬಾಯ್ಮೇಲೆ ನೂಲದೆ” ಎಂದರೆ, “ಇರ್ಲಿ ಬುಡವ್ವ, ಬೇಕಾಯ್ತದೆ” ಎನ್ನುವರು. ರಕ್ತಸಂಬಂಧವೇನೂ ಇರಲಿಲ್ಲ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಗೋಡೆ ಹಂಚಿಕೊಂಡವರೆಲ್ಲ ದೊಡ್ಡಪ್ಪ, ಚಿಕ್ಕಪ್ಪಂದಿರೇ.

ಹನೂರಿಗೆ ರೇಷ್ಮೆಗೂಡು ಕೊಳ್ಳಲು ಹೋದ ನನ್ನ ಅಣ್ಣ, ತೂಕದ ಜಗಳದಲ್ಲಿ ಅಜ್ಜೀಪುರದ ಒಬ್ಬ ಹುಡುಗನನ್ನು ಮಚ್ಚಿನಿಂದ ಹೊಡೆದು ಕೊಂದ. ಆಗ ನಮ್ಮೂರು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿನ ಕೋರ್ಟಿನಲ್ಲಿ ಗಲ್ಲು ಎಂದು ತೀರ್ಪಾಯಿತು. ಗವರ್ನರಿಗೆ ದಯೆಯ ಅರ್ಜಿ ಹಾಕೋಣ, ಬೀದಿಯವರು ಹೆಬ್ಬೆಟ್ಟು ಒತ್ತಿದರೆ ಒಳ್ಳೆಯದು ಎಂದರು ವಕೀಲರು. ಬೀದಿ ಬಾಯಿ ಹೊಲಿದುಕೊಂಡಿತ್ತು. ಅವ್ವ ನೀರಿಗೆ ಹೋದರೆ ಬಾವಿಕಟ್ಟೆಯ ಮಾತು ನಿಲ್ಲುತ್ತಿತ್ತು. ಯಾರೂ ಬೈಯಲಿಲ್ಲ, ಬೈದಿದ್ದರೂ ಆಗುತ್ತಿತ್ತು. ನನಗೆ ಅಳುವೇ ಬರುತ್ತಿರಲಿಲ್ಲ. ಅಕ್ಕಿ ಆರಿಸುತ್ತಿದ್ದೆ, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದೆ.

ಆಗ ದೊಡ್ಡಪ್ಪ ಒಂದು ಬಿಳಿ ರೇಷ್ಮೆ ಬಟ್ಟೆ ನೇಯ್ದು ಜಗಲಿಯ ಗಳಕ್ಕೆ ಇಳಿಬಿಟ್ಟರು. ಒಂದು ತುದಿಯಿಂದ ಮೊಳದಾಚೆ ಒಂದು ಗೇಣು ಹೊಕ್ಕೇ ಇಲ್ಲ. ಅಡ್ಡನೂಲಿಲ್ಲದೆ ಬರೀ ಉದ್ದನೆಯ ಹಾಸಿನ ಎಳೆಗಳು. ನಮ್ಮ ಬೀದಿಯವರು ಮನುಷ್ಯನ ತಪ್ಪನ್ನು ನೋಡಿಯೂ ನೋಡದಂತೆ ಹೋದಾರು, ಬಟ್ಟೆಯ ತಪ್ಪನ್ನು ಎತ್ತಿ ಆಡದೆ ಹೋಗಲಾರರು. ಎದುರು ಮನೆಯವನೇ ಮೊದಲು ಸಿಕ್ಕಿಬಿದ್ದ.

“ಒಕ್ಕು ಬುಟ್ಟೋಗದೆ ಕಣಣ್ಣೋ! ಕಣ್ಣು ಕಾಣಕಿಲ್ವಾ?”

“ಬುಟ್ಟೋಗಿಲ್ಲ ಕಣ್ಲಾ, ನಾನೇ ಬುಟ್ಟಿವ್ನಿ. ಪಕ್ಕದ್ಮನೆ ಐದ ಜೈಲಲ್ಲಿ ಕುಂತವ್ನಲ್ಲ, ಅವನ ಬಾಳು ಇಲ್ಲಿಗಂಟ ಬಂದು ನಿಂತದೆ. ಕತ್ತರಿಸದೋ, ನೇಯದೋ? ನೀನೇ ಯೋಳು.”

ಅವನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟ. ಸಂಜೆಗೆ ಜಗಲಿ ತುಂಬಿತು. ಕೊಂದವನನ್ನು ಕೊಲ್ಲಲೇಬೇಕು ಎಂದವರಿದ್ದರು. ಅರ್ಧ ನೇಯ್ದ ಹಾಸನ್ನು ಕತ್ತರಿಸಲು ನೇಕಾರನಾದವನಿಗೆ ಕೈ ಬರುತ್ತದೆಯೇ ಎಂದು ರೇಗಿದವರೂ ಇದ್ದರು. ದೊಡ್ಡಪ್ಪ ಯಾರ ಮಾತಿಗೂ ಅಡ್ಡ ಬಾರದೆ ಎಲೆಯಡಿಕೆ ತಟ್ಟೆ ಮುಂದೆ ತಳ್ಳುತ್ತಿದ್ದರು. ಕೆಲವರು ಬಂದು ಹೆಬ್ಬೆಟ್ಟು ಒತ್ತಿದರು. ಗೋಡೆಯ ಈಚೆ ಕೂತ ಅವ್ವ ಎಷ್ಟೋ ದಿನಗಳ ಮೇಲೆ ಮಗನ ಹೆಸರನ್ನು ಪರರ ಬಾಯಲ್ಲಿ ಕೇಳಿದಳು.

ಸುದ್ದಿ ಅಜ್ಜೀಪುರಕ್ಕೂ ಮುಟ್ಟಿತು. ಸಂತೆಯ ದಿನ ಸತ್ತ ಹುಡುಗನ ತಾಯಿ ಬಂದು, ಆ ಎಳೆಗಳ ಸಂದಿನಲ್ಲಿ ಬೆರಳು ತೂರಿಸಿ ಕೇಳಿದಳು: “ಇದು ಅವನ ಬಾಳು ಅಂತೀರಲ್ಲ. ನನ್ ಐದನ್ದೆಲ್ಲಿ ಅಣ್ಣಾ?”

ದೊಡ್ಡಪ್ಪ ಬಟ್ಟೆ ಇಳಿಸಿ ತೊಡೆಯ ಮೇಲೆ ಹಾಕಿಕೊಂಡು, ಇನ್ನೊಂದು ತುದಿಯಲ್ಲಿ ಅಷ್ಟೇ ದೂರ ಅಳೆದು, ತಾವೇ ನೇಯ್ದ ಹೊಕ್ಕನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದರು. ಗೇಣಗಲ ಬಿಚ್ಚುವವರೆಗೂ ಅವಳು ಕೂತಿದ್ದಳು. ಅವ್ವ ನೀರು ತಂದಿಟ್ಟಳು. ಆ ತಾಯಿ ಕುಡಿದಳು. ಹೆಬ್ಬೆಟ್ಟು ಮಾತ್ರ ಒತ್ತಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಅಣ್ಣನನ್ನು ಗಲ್ಲಿಗೇರಿಸಿದ ಬೆಳಿಗ್ಗೆ ಬೀದಿಯಲ್ಲಿ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ನಾನು ರಾಗಿ ಬೀಸಿದೆ. ಇನ್ನು ಬಟ್ಟೆ ತೆಗೆದುಬಿಡಿ ಎಂದೆ ದೊಡ್ಡಪ್ಪನಿಗೆ. “ಇರ್ಲಿ ಬುಡವ್ವ, ಬೇಕಾಯ್ತದೆ” ಎಂದರು. ಅದು ಅಲ್ಲೇ ಇತ್ತು. ಕಂಡವರು ಕೇಳುತ್ತಿದ್ದರು, ಜಗಲಿಯಲ್ಲಿ ವಾದ ಏಳುತ್ತಿತ್ತು. ಅಜ್ಜೀಪುರದ ತಾಯಿ ಸಂತೆಗೆ ಬಂದಾಗಲೆಲ್ಲ ಅದರ ಕೆಳಗೆ ಕೂತು ಹೋಗುತ್ತಿದ್ದಳು. ನಮ್ಮವ್ವನೊಡನೆ ಅವಳು ಸಾಯುವವರೆಗೂ ಬಾವಿಕಟ್ಟೆಯಲ್ಲಿ ಜನ ಮಾತಾಡಿದರು. ದೊಡ್ಡಪ್ಪನ ಈ ಋಣ ನನ್ನಿಂದ ತೀರುವುದಲ್ಲ.

ದೊಡ್ಡಪ್ಪ ತೀರಿಕೊಂಡ ದಿನವೂ ಆ ತಾಯಿ ಬಂದಳು, ಕೋಲೂರಿಕೊಂಡು. ಬಟ್ಟೆ ಹಳದಿಗೆ ತಿರುಗಿತ್ತು. ಗಳದಿಂದ ಇಳಿಸಿ ಇಬ್ಬರೂ ಒಂದೊಂದು ತುದಿ ಹಿಡಿದೆವು, ಅವರಿಗೆ ಹೊದಿಸಲು. ಅವಳು ತಡೆದು ಕೇಳಿದಳು: “ನನ್ ಐದನ್ದು ಯಾವ ಕಡೇದವ್ವ?”

ನೋಡಿದೆ. ತಿರುಗಿಸಿ ನೋಡಿದೆ. ಅದೇ ಅಗಲ, ಅದೇ ದೂರ.

“ಗೊತ್ತಾಯ್ತಿಲ್ಲ ಕಣವ್ವ” ಎಂದೆ.

ಕೈಗೆ ಬಂದ ತುದಿಯನ್ನೇ ಹಿಡಿದು ಹೊದಿಸಿದೆವು.