ಕಾಜಾ ಆಗಿಲ್ಲ, ಗುರುವಾರ ಬಾ

ಹೊಲಿಗೆ ಅಂಗಡಿಯಲ್ಲಿ ಮಾಸ್ಟರ್ ಅಂದರೆ ಬಟ್ಟೆ ಕತ್ತರಿಸುವವರು. ಹೊಲಿಯುವವರು ಎಷ್ಟೇ ಜನರಿರಲಿ, ಕತ್ತರಿ ಹಿಡಿದವರದ್ದೇ ಗತ್ತು. ಮಾಸ್ಟರ್ ಎಲ್ಲಿ ಎಂದು ಕೇಳಿಕೊಂಡು ಬಂದವರಿಗೆ ಮೇಜಿನ ಹಿಂದಿನ ಕುಳ್ಳ ಹೆಂಗಸು "ನಾನೇ, ಹೇಳಿ" ಅಂದಾಗ ಅವರು ನಂಬದೆ ಇನ್ನೊಮ್ಮೆ ಒಳಗೆಲ್ಲ ಕಣ್ಣಾಡಿಸುತ್ತಿದ್ದರು. ಬೀದಿಗೆಲ್ಲ ಅವಳು ಮಾಸ್ಟರಮ್ಮ. ಇಪ್ಪತ್ತಾರು ವರ್ಷ ಕೋಟು ಕತ್ತರಿಸಿದ ಕೈ ಅದು. ಮನುಷ್ಯ ಬಾಗಿಲಲ್ಲಿ ನಿಂತರೆ ಸಾಕು, ಅವನ ಎಡ ಹೆಗಲು ಅರ್ಧ ಇಂಚು ಇಳಿದಿದೆ ಎಂದು ಟೇಪು ಹಿಡಿಯುವ ಮೊದಲೇ ಹೇಳಿಬಿಡುತ್ತಿದ್ದಳು.

ಅಂಥವಳು ಒಂದು ಸೋಮವಾರ ಒಂದೇ ಕೋಟಿಗೆ ಎರಡು ಎಡತೋಳು ಕತ್ತರಿಸಿದಳು.

ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಎಡ, ಬಲ ತಾವಾಗಿಯೇ ಜೋಡಿಯಾಗಿ ಬರುತ್ತವೆ. ಅವತ್ತು ಬಟ್ಟೆ ಸಾಲುತ್ತಿರಲಿಲ್ಲ. ಹಾಗಾಗಿ ಒಂದೇ ಪದರ ಹರಡಿ, ಕಾಗದದ ನಮೂನೆ ಇಟ್ಟು ಒಂದು ತೋಳು ಕತ್ತರಿಸಿದಳು. ಇನ್ನೊಂದಕ್ಕೆ ಆ ಕಾಗದವನ್ನು ಮಗುಚಿ ಇಡಬೇಕಿತ್ತು, ಮಗುಚಲಿಲ್ಲ. ಅಷ್ಟೇ ಆಗಿದ್ದು. ಕೋಟು ನಿವೃತ್ತಿಯಾಗಲಿದ್ದ ಹೆಡ್‌ಮಾಸ್ಟರರದು. ಅಂಥ ಬಟ್ಟೆ ಮತ್ತೆ ಎಲ್ಲೂ ಸಿಗಲಿಲ್ಲ. ಅವರು ಬೈದಿದ್ದರೆ ವಾಸಿಯಿತ್ತು. "ನನಗಿರೋದು ಒಂದೇ ಎಡಗೈ ಕಣಮ್ಮ" ಎಂದು ನಕ್ಕು, ಬೀಳ್ಕೊಡುಗೆಗೆ ಹಳೇ ಕೋಟನ್ನೇ ಹಾಕಿಕೊಂಡು ಹೋದರು.

ಆ ನಗು ಮಾಸ್ಟರಮ್ಮನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನದಿಂದ ಕತ್ತರಿ ಬಟ್ಟೆಯ ಹತ್ತಿರ ಹೋಗುತ್ತಿದ್ದ ಹಾಗೆ ಎದೆ ಡವಡವ, ಅಂಗೈಯೆಲ್ಲ ಬೆವರು. ಒಂದೇ ಅಳತೆಯನ್ನು ಐದು ಸಲ ತೆಗೆಯುವಳು. ಬಸ್ ಸ್ಟಾಪಿನವರೆಗೆ ಹೋದವಳು ಇಸ್ತ್ರಿ ಪೆಟ್ಟಿಗೆ ಆಫ್ ಆಗಿದೆಯೋ ಇಲ್ಲವೋ ಎಂದು ಅಂಗಡಿಗೆ ವಾಪಸ್ ಬರುವಳು. ಕೊನೆಗೆ ಕತ್ತರಿಯನ್ನು ನಾದಿನಿಯ ಕೈಗೆ ಕೊಟ್ಟಳು. ಗಂಡನ ತಂಗಿಯಾದ ಇವಳು ಹನ್ನೊಂದು ವರ್ಷದಿಂದ ಪಕ್ಕದ ಮಷೀನಿನಲ್ಲೇ ಕೂತು ಕೆಲಸ ಕಲಿತವಳು.

"ಈ ವರ್ಷ ಮುಗಿಯೋದ್ರೊಳಗೆ ನಾನು ಕೋಟು ಕತ್ತರಿಸ್ಲಿಲ್ಲ ಅಂದ್ರೆ ಮೇಜು ನಿಂದೇ ಕಣೆ" ಅಂದಳು ಮಾಸ್ಟರಮ್ಮ.

ನಾದಿನಿ ತಲೆಯಾಡಿಸಿ ಬಟ್ಟೆ ಹರಡಿದಳು. ಮಾಸ್ಟರಮ್ಮ ಮೂಲೆಯ ಸ್ಟೂಲಿನಲ್ಲಿ ಕೂತು ಕಾಜಾ ಹೊಲಿಯತೊಡಗಿದಳು. ಗುಂಡಿ ತೂರುವ ಆ ಪುಟ್ಟ ಸೀಳಿಗೆ ದಾರ ಸುತ್ತುವುದು ಅಂಗಡಿಗೆ ಹೊಸದಾಗಿ ಸೇರಿದವರ ಕೆಲಸ. ಅದನ್ನೂ ಅವಳು ಮನಸ್ಸಿಟ್ಟು ಮಾಡಿದಳು ಎನ್ನುವುದಕ್ಕೇ ನನಗೆ ಅವಳ ಮೇಲೆ ಗೌರವ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಮುಟ್ಟಾಗಿದೆ, ಇದು ಬರೀ ಗಾಬರಿ ಎಂದು ಒಂದು ಹಾಳೆ ಕೊಟ್ಟರು. ಕಣ್ಣು ಮುಚ್ಚಿ, ಸಮುದ್ರ ತೀರ ನೆನೆಸಿಕೊಳ್ಳಿ ಎಂದು ಅದರಲ್ಲಿತ್ತು. ಮುಚ್ಚಿದಳು. ಸಮುದ್ರ ಬಂತು, ಅಲೆ ಬಂತು, ಅಲೆಯ ಹಿಂದೆಯೇ ಇಸ್ತ್ರಿ ಪೆಟ್ಟಿಗೆಯೂ ಬಂತು. ಮುಷ್ಟಿ ಬಿಗಿಹಿಡಿದು ಸಡಿಲಿಸಿ ಎಂದಿತ್ತು. ಬಿಗಿ ಹಿಡಿದವಳಿಗೆ ಸಡಿಲಿಸುವುದೇ ಮರೆತುಹೋಗಿ ಸಂಜೆಯವರೆಗೆ ಬೆರಳು ನೋವು. "ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದ ಗಂಡ. "ನಾನೆಲ್ಲಿ ಕೆಡಿಸ್ಕೋತೀನಿ? ಅದೇ ಕೆಡುತ್ತೆ" ಅಂದಳು.

ದಾರಿ ಸಿಕ್ಕಿದ್ದು ಅಂಗಡಿಯಲ್ಲೇ. ಗೆರೆ ಎಳೆದ ಮೇಲೆ ಸೀಮೆಸುಣ್ಣದ ಪುಡಿಯನ್ನು ಊದುವುದಿದೆಯಲ್ಲ, ಅದನ್ನು ಜೋರಾಗಿ ಊದುವಂತಿಲ್ಲ. ಪಕ್ಕದ ಕಪ್ಪು ಬಟ್ಟೆಯ ಮೇಲೆ ಹಾರಿ ಕೂತರೆ ಆಯಿತು ಕಥೆ. ತುಟಿ ಕಿರಿದು ಮಾಡಿ, ಉದ್ದಕ್ಕೆ, ತೆಳ್ಳಗೆ ಊದಬೇಕು. ಒಂದು ಮಧ್ಯಾಹ್ನ ನಾದಿನಿ ಗೆರೆ ಎಳೆದಿದ್ದ ಬಟ್ಟೆಯನ್ನು ಹಾಗೆ ಊದಿ ಮುಗಿಸಿದಾಗ ಹೆಗಲು ತಾನಾಗಿ ಇಳಿದಿದ್ದು ಮಾಸ್ಟರಮ್ಮನ ಗಮನಕ್ಕೆ ಬಂತು. ಬೇರೆಯವರ ಹೆಗಲನ್ನು ಅರ್ಧ ಇಂಚಿನಲ್ಲಿ ಹಿಡಿಯುವವಳಿಗೆ ತನ್ನದು ಗೊತ್ತಾಗದೆ ಇರುತ್ತದೆಯೇ? ಅಂದಿನಿಂದ ಗಾಬರಿ ಶುರುವಾದಾಗಲೆಲ್ಲ ಅಂಗಾಲನ್ನು ನೆಲಕ್ಕೆ ಒತ್ತಿ, ಇಲ್ಲದ ಪುಡಿಯನ್ನು ಹತ್ತು ಸಲ ಊದತೊಡಗಿದಳು. ಬಸ್ಸಿನಲ್ಲಿ ಪಕ್ಕದವರು ಜರುಗಿ ಕೂರುತ್ತಿದ್ದರು. ಕೂರಲಿ ಬಿಡಿ.

ಎರಡನೆಯ ಉಪಾಯ ಇನ್ನೂ ಸೊಗಸು. ಕಾಜಾ ಹೊಲಿಯುವಾಗ "ಮತ್ತೆ ಹಾಗೇ ಆದ್ರೆ?" ಎಂಬ ಯೋಚನೆ ತಲೆ ತಿನ್ನಲು ಬರುತ್ತಿತ್ತು. ಒಂದು ದಿನ ರೇಗಿಹೋಗಿ, ಅವಸರದ ಗಿರಾಕಿಗೆ ಹೇಳುವ ಹಾಗೆ ಅದಕ್ಕೂ ಹೇಳಿದಳು: "ಕಾಜಾ ಆಗಿಲ್ಲ, ಗುರುವಾರ ಬಾ." ಜಗತ್ತಿನ ದರ್ಜಿಗಳೆಲ್ಲ ಸಾವಿರ ಸಲ ಹೇಳಿದ ಸುಳ್ಳು ಅದು. ಅದರಿಂದ ಮೊದಲ ಬಾರಿಗೆ ಯಾರಿಗಾದರೂ ಉಪಕಾರವಾಗಿದ್ದರೆ ಇವಳಿಗೇ ಇರಬೇಕು.

ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕಲ್ಲ. ಗುರುವಾರ ನಾಲ್ಕಕ್ಕೆ ಅಳತೆ ಪುಸ್ತಕದ ಹಿಂದಿನ ಹಾಳೆ ತೆರೆದು ಕಾಲು ಗಂಟೆ ಕೂತು, ಬಂದ ಚಿಂತೆಗಳನ್ನೆಲ್ಲ ಬರೆದಳು. ವಾರವಿಡೀ ಪೀಡಿಸಿದವುಗಳಲ್ಲಿ ಅರ್ಧಕ್ಕರ್ಧ ಬರಲೇ ಇಲ್ಲ.

"ಗಿರಾಕಿಗಳಿಗಿಂತ ಚಿಂತೆಗಳೇ ವಾಸಿ ಕಣೆ. ಹೇಳಿದ ದಿನ ಬರಲ್ಲ" ಎಂದಳು ನಾದಿನಿಗೆ. ನಾದಿನಿ ತಡವಾಗಿ ನಕ್ಕಳು.

ಹೀಗೆ ಮೊದಲು ಹಳೇ ಪೇಪರು ಕತ್ತರಿಸಿದಳು. ಆಮೇಲೆ ಜೇಬಿನ ಬಟ್ಟೆ, ಆಮೇಲೆ ಶರ್ಟಿನ ಕಾಲರು. ಆದರೆ ಕೋಟಿನ ಬಟ್ಟೆ ಬಂದಾಗೆಲ್ಲ "ಇದೊಂದು ನೀನೇ ಮಾಡು, ಮುಂದಿನದು ನಾನು" ಅನ್ನುತ್ತಿದ್ದಳು. ಹಾಗೆ ನಾಲ್ಕು ತಿಂಗಳು ಕಳೆಯಿತು. ವರ್ಷ ಮುಗಿಯಲು ಮೂರು ವಾರ ಉಳಿದಿತ್ತು.

ಒಂದು ಮಧ್ಯಾಹ್ನ ದಾರ ತರಲು ಹೋದ ಮಾಸ್ಟರಮ್ಮ ಬೇಗ ವಾಪಸ್ ಬಂದಳು. ಮೇಜಿನ ಮೇಲೆ ಬೂದು ಬಣ್ಣದ ಕೋಟಿನ ಬಟ್ಟೆ, ಗೆರೆ ಎಳೆದಾಗಿದೆ, ಕತ್ತರಿಸುವವಳಿಲ್ಲ. ಬಟ್ಟೆ ಹಾಕಿ ನೋಡುವ ಕೋಣೆಯ ಪರದೆ ಸರಿಸಿದರೆ, ನಾದಿನಿ ನೆಲದ ಮೇಲೆ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು.

"ಏನಾಯ್ತೇ?"

"ಏನಿಲ್ಲ ಅತ್ತಿಗೆ. ಪ್ರತಿ ಕೋಟಿಗೂ ಹೀಗೇ ಆಗುತ್ತೆ. ಸ್ವಲ್ಪ ಹೊತ್ತು ಇಲ್ಲಿ ಕೂತು ಎದ್ದು ಹೋಗ್ತೀನಿ. ಇವತ್ತು ಏಳೋಕ್ಕೇ ಆಗ್ತಿಲ್ಲ."

"ನಾಲ್ಕು ತಿಂಗಳಿಂದ್ಲೂ?"

"ಹೂಂ."

"ಬಾಯಿ ಬಿಟ್ಟು ಹೇಳೋದಲ್ವಾ?"

"ಹೆದರ್ಕೊಳ್ಳೋ ಜಾಗದಲ್ಲಿ ನೀವು ಕೂತಿದ್ರಿ ಅತ್ತಿಗೆ" ಅಂದಳು ನಾದಿನಿ. "ನಂಗೆ ಜಾಗ ಇರ್ಲಿಲ್ಲ."

ಮಾಸ್ಟರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ತನ್ನ ಉಸಿರು, ತನ್ನ ಗುರುವಾರ, ತನ್ನ ಕಾಲರು ಎಂದು ದಿನಾ ವರದಿ ಒಪ್ಪಿಸಿದ್ದೇ ಒಪ್ಪಿಸಿದ್ದು, ಎರಡು ಅಡಿ ದೂರದಲ್ಲಿ ನಿಂತಿದ್ದವಳ ಮುಖವನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂತರೆ ಅದೂ ತನ್ನದೇ ಕಥೆಯಾಗುತ್ತದೆ ಎಂದು ಅವಳಿಗೆ ಹೊಳೆಯಿತಲ್ಲ, ಅದು ದೊಡ್ಡ ಮಾತು. ನೆಲದ ಮೇಲೆ ಪಕ್ಕದಲ್ಲೇ ಕೂತು ಆ ತಣ್ಣನೆಯ ಕೈಗಳನ್ನು ಹೊರಗೆಳೆದು ಹಿಡಿದುಕೊಂಡಳು. "ಊದು, ನಿಧಾನಕ್ಕೆ" ಅಂದಳು. ಇಬ್ಬರೂ ಒಟ್ಟಿಗೆ ಊದಿದರು. ಹತ್ತು ಸಲ ಆದ ಮೇಲೆ ಇನ್ನೂ ಹತ್ತು ಸಲ.

"ನೀನಿಲ್ಲೇ ಕೂತಿರು" ಎಂದು ಎದ್ದು ಮೇಜಿಗೆ ಬಂದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ ಎಂದುಕೊಂಡು ಕತ್ತರಿ ಎತ್ತಿ ಗೆರೆಯ ಮೇಲಿಟ್ಟು ಒತ್ತಿದಳು.

ಕೋಟು ಪೂರ್ತಿ ಕತ್ತರಿಸಿ ಮುಗಿಸಲು ಒಂದು ಗಂಟೆ ಹಿಡಿಯಿತು. ಪರದೆ ಸರಿಸಿ ನೋಡಿದರೆ ನಾದಿನಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಮಾಸ್ಟರಮ್ಮ ಎಬ್ಬಿಸಲಿಲ್ಲ. ಸಂಜೆಯವರೆಗೆ ಟ್ರಯಲ್‌ಗೆ ಬಂದವರನ್ನೆಲ್ಲ, ಒಳಗೆ ಜನ ಇದ್ದಾರೆ ಎಂದು ಹೊರಗೇ ಕೂರಿಸಿದಳು.