ಮುಂಗುಸಿ ಮರಿಗೆ ಅಡ್ಡ ಹಿಡಿದ ಅಂಗೈ

ಕಲ್ಲವ್ವ, ನನಗೆ ಜಪಾನಿ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಬರುತ್ತದೆ ಎಂದು ನಿಮ್ಮೂರಿಗೆಲ್ಲ ನಂಬಿಸಿದ್ದೆ. ಅಷ್ಟೇ ಆಗಿದ್ದರೆ ಇಂದು ಇಬ್ಬರೂ ನಕ್ಕು ಬಿಡಬಹುದಿತ್ತು. ಆದರೆ ಆ ಮುಂಗುಸಿ ಮರಿಯ ಕಥೆಯನ್ನು ನಾನು ಬೇಕಂತಲೇ ತಿರುಚಿದೆ – ನೀನು ಹಿರೇಕೆರೂರಿಗೆ, ನಿನ್ನ ಅವ್ವನ ಹತ್ತಿರ ಹೋಗಬಾರದೆಂದು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಜಪಾನಿ ಪದ್ಧತಿಯ ಭತ್ತದ ನಾಟಿಯನ್ನು ಹಾನಗಲ್ ಸೀಮೆಯ ಊರೂರಿಗೆ ಸಿನಿಮಾ ತೋರಿಸಿ ವಿವರಿಸುವುದು ನನ್ನ ಕೆಲಸ. ಹಗ್ಗ ಹಿಡಿದು ಸಸಿ ನೆಡುವುದನ್ನು ಜನ ಎಷ್ಟು ಹೊತ್ತು ನೋಡಿಯಾರು? ಪುಣ್ಯಕ್ಕೆ ಆ ರೀಲುಗಳ ಜೊತೆ ಮಕ್ಕಳ ಕಾರ್ಟೂನೂ ಬಂದಿತ್ತು. ಜಪಾನಿನಲ್ಲಿ ಅದು ವಾರವಾರವೂ ಟಿವಿಯಲ್ಲಿ ಬರುತ್ತದಂತೆ, ಮುಗಿಯುವುದೇ ಇಲ್ಲವಂತೆ, ಹೊರದೇಶಗಳಿಗೂ ಹೋಗುತ್ತದಂತೆ. ಟಿವಿಯನ್ನು ನಾನೇ ಕಂಡಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಐದೇ ಕಂತು. ಬಿರುಗಾಳಿಯಲ್ಲಿ ಅವ್ವನಿಂದ ಅಗಲಿದ ಮರಿಯೊಂದು ಬೆನ್ನಿಗೆ ಗಂಟು ಕಟ್ಟಿಕೊಂಡು ಆಕೆಯನ್ನು ಹುಡುಕುತ್ತ ಹೊರಡುತ್ತದೆ. ಯಾವ ಪ್ರಾಣಿಯೋ ದೇವರೇ ಬಲ್ಲ; ನಾನು ಮುಂಗುಸಿ ಎಂದೆ, ಮುಂಗುಸಿಯಾಯಿತು; ನಿಮ್ಮೂರ ಬಾಯಲ್ಲಿ ಮುಂಗ್ಲಿ.

ತಿಂಗಳಿಗೊಮ್ಮೆ ನಿಮ್ಮ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ನಡುಹಗಲಲ್ಲೇ ಕತ್ತಲು ಮಾಡಿ ತೋರಿಸುತ್ತಿದ್ದೆ. ಮರಿಗೂ ಕಾಗೆಗೂ ಗಾಳಿಗೂ ನನ್ನದೇ ದನಿ. ಮುಂದಿನ ಸಾಲಿನಲ್ಲಿ ಏಳು ವರ್ಷದ ನೀನು – ಲಂಗದ ತುದಿ ಬಾಯಲ್ಲಿ ಕಚ್ಚಿಕೊಂಡು, ರೆಪ್ಪೆ ಬಡಿಯದೆ ಕೂತಿರುತ್ತಿದ್ದೆ. ನಿನ್ನಂಥ ಕೇಳುಗರು ನನಗೆ ಮತ್ತೆ ಸಿಗಲಿಲ್ಲ.

ನಿನ್ನ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಹಿರೇಕೆರೂರಿಗೆ ಉಡಿಕೆ ಮಾಡಿ ಕೊಟ್ಟಿದ್ದರು. ಹಾಗೆ ಎರಡನೆಯ ಮದುವೆಯಾಗಿ ಹೋದವಳು ಮೊದಲ ಗಂಡನ ಹೊಸ್ತಿಲು ಮತ್ತೆ ತುಳಿಯುವಂತಿರಲಿಲ್ಲ. ಕೂಸು ಆ ಮೊದಲ ಗಂಡನ ಮನೆಯದು. ಆದರೂ ನಿನ್ನ ಅವ್ವ ಹೊಸ ಮನೆಯವರನ್ನು ಹೇಗೋ ಒಪ್ಪಿಸಿ, ನಿನ್ನನ್ನು ಕರೆತರಲು ಸೋದರಮಾವನನ್ನು ಕಳಿಸುತ್ತೇನೆಂದು ಹೇಳಿ ಕಳಿಸಿದಳು. ಅದೇ ವಾರ ನಾನು ಐದನೆಯ ಕಂತು ಹಿಡಿದು ಬಂದಿದ್ದೆ. ನಿನ್ನ ಅಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಬಡಿಸಿ ಎದುರಿಗೆ ಕೂತಳು.

"ಮಾಸ್ತರ, ಕೂಸು ನಿಮ್ಮ ಮುಂಗ್ಲಿ ಹೇಳಿದ್ದನ್ನ ಕೇಳತೈತಿ. ಹೋಗಬ್ಯಾಡ ಅಂತ ಏನರ ಅನಸ್ರಿ. ನನ್ನ ಮಗನ ಗುರುತು ಅಂತ ಉಳದದ್ದು ಅದೊಂದ ಐತ್ರಿ."

ತಪ್ಪನ್ನು ನಾನು ಅಜ್ಜಿಯ ತಲೆಗೆ ಕಟ್ಟುವುದಿಲ್ಲ. ಆಕೆ ಕೇಳಿದಳು, ಮಾಡಿದವನು ನಾನು. ನೀನಿಲ್ಲದ ಆ ಮುಂದಿನ ಸಾಲು ನನಗೂ – ಇರಲಿ, ಅದನ್ನೂ ಒಪ್ಪಿಕೊಳ್ಳುತ್ತೇನೆ, ನನಗೂ ಬೇಡವಾಗಿತ್ತು.

ಆ ಕಂತಿನಲ್ಲಿ ಮರಿ ದಣಿದು, ದಾರಿ ಎರಡಾಗುವಲ್ಲಿ ಕಲ್ಲಿನ ಮೇಲೆ ಕೂಡುತ್ತದೆ. ಮೇಲಿನ ಕೊಂಬೆಯಿಂದ ಕಾಗೆ ಏನೋ ಹೇಳುತ್ತದೆ. ಏನು ಹೇಳಿತೋ ನನಗೆ ತಿಳಿಯದು. ನಾನು ಹೇಳಿಸಿದ್ದು ಇದು:

"ಕುಂತಲ್ಲೇ ಕುಂದ್ರು ಮಗಾ. ಅವ್ವನಽ ನಿನ್ನ ಹುಡುಕ್ಕೊಂತ ಬರ್ತಾಳ. ನೀ ಎದ್ದು ಹೋದ್ರ ಆಕೀಗೆ ಸಿಗಂಗಿಲ್ಲ."

ಅಷ್ಟು ಹೇಳಿ ಪ್ರೊಜೆಕ್ಟರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದೆ. ರೀಲು ಮುಗೀತು ಎಂದೆ.

ಎರಡು ದಿನಕ್ಕೆ ನಿನ್ನ ಸೋದರಮಾವ ಬಂದ. ನೀನು ಶಾಲೆಯ ಕಂಬ ತಬ್ಬಿಕೊಂಡು, "ಅವ್ವನಽ ಬರ್ಲಿ, ನಾ ಎದ್ದು ಹೋದ್ರ ಆಕೀಗೆ ಸಿಗಂಗಿಲ್ಲ" ಎಂದೆಯಂತೆ. ಅವನು ಬರಿಗೈಲಿ ಬಸ್ಸು ಹತ್ತಿದ. ಬರಲಾರದವಳ ದಾರಿಯನ್ನು ನೀನು ಕಾದೆ, ನೀನೇ ಒಲ್ಲೆ ಎಂದೆಯೆಂದು ಆಕೆ ಅಲ್ಲಿ ಕೊರಗಿದಳು. ಮೂರನೆಯ ವರ್ಷ ಹಿರೇಕೆರೂರಿನಿಂದ ಬಂದದ್ದು ಆಕೆಯ ಸಾವಿನ ಸುದ್ದಿ. ನನಗದು ತಿಳಿಯಿತು. ನಿಮ್ಮೂರಿಗೆ ಮತ್ತೆ ಹೋಗಲಿಲ್ಲ.

ಹೋದ ತಿಂಗಳು ಸವಣೂರಿನಲ್ಲಿ ನೀನೇ ಗುರುತು ಹಿಡಿದು ಮನೆಗೆ ಕರೆದೊಯ್ದೆ. ಎಲೆಬಳ್ಳಿ ತೋಟದ ಯಜಮಾನಿ, ಮೊಮ್ಮಕ್ಕಳ ಅಜ್ಜಿ. ಮಕ್ಕಳು ಟಿವಿಯ ಮುಂದೆ ಯಾವುದೋ ಜಪಾನಿ ಕಾರ್ಟೂನು ನೋಡುತ್ತಿದ್ದವು. ಅದೀಗ ಕನ್ನಡದಲ್ಲೇ ಮಾತಾಡುತ್ತದೆ, ನನ್ನಂಥವರ ಹಂಗಿಲ್ಲ. ನನಗೆ ಖಾರ, ಚಹಾ ಕೊಟ್ಟು ಕೇಳಿದೆ: "ಮಾಸ್ತರ, ನಮ್ಮ ಮುಂಗ್ಲಿಗೆ ಕಡೀಕ ಅವ್ವ ಸಿಕ್ಕಳೇನ್ರಿ?"

ನಾನು ಚಹಾ ಬಿಸಿಯಿದೆ ಎಂದು ಗೊಣಗಿ ಎದ್ದು ಬಂದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು, ನಿನ್ನೆದುರು ಕೂತು ಓದುತ್ತೇನೆ. ಆಮೇಲೆ ಬಾಗಿಲು ತೋರಿಸಿದರೂ ಸರಿ. ಅವ್ವ ಸಿಕ್ಕಳೋ ಇಲ್ಲವೋ ನನಗೆ ಗೊತ್ತಿಲ್ಲ, ಕಲ್ಲವ್ವ; ಮುಂದಿನ ಕಂತು ನಮ್ಮ ಕಡೆಗೆ ಬರಲೇ ಇಲ್ಲ. ಆದರೆ ನನ್ನ ಅಂಗೈ ಮೇಲೆ ಬಿದ್ದ ಚಿತ್ರವನ್ನು ನಾನೊಬ್ಬನೇ ನೋಡಿದ್ದೇನೆ. ಕಾಗೆ ಸುಮ್ಮನಾದ ಮೇಲೆ ಆ ಮರಿ ಕಣ್ಣೊರೆಸಿಕೊಂಡು, ಗಂಟು ಬಿಗಿದು ಕಟ್ಟಿಕೊಂಡು, ಕಲ್ಲಿನಿಂದ ಇಳಿದು ನಡೆದೇ ಬಿಟ್ಟಿತು. ಅದು ಕೂಡಲಿಲ್ಲ. ಕೂರಿಸಿದ್ದು ನಿನ್ನನ್ನು, ನಾನು.