ಕಂಬಕ್ಕೆ ಕಟ್ಟಿದ ದಾರ

ಗುಬ್ಬಿಯ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಯಜಮಾನರು ಈಳಿಗೆಮಣೆ, ತುರಿಮಣೆ ಮಾಡುತ್ತಾರೆ. ಹಲಗೆಗೂ ತೂತು ಬೇಕು, ಅದರ ಮೇಲೆ ಕೂರಿಸುವ ಕಬ್ಬಿಣದ ಪಟ್ಟಿಗೂ ಬೇಕು. ಅದಕ್ಕೇ ತುಮಕೂರಿನಿಂದ ಆಳೆತ್ತರದ ಡ್ರಿಲ್ಲಿಂಗ್ ಮಷೀನ್ ತಂದರು. ಅದು ಬಂದ ವಾರವೇ ನಮ್ಮತ್ತೆ ದೇವರಾಯನದುರ್ಗಕ್ಕೆ ಹೋಗಿ, ಸ್ವಾಮಿಯ ಪಾದದಲ್ಲಿಟ್ಟ ಕೆಂಪು ದಾರ ತಂದು ಮಗನ ಬಲಗೈಗೆ ಕಟ್ಟಿದರು.

"ಕಬ್ಬಿಣದ ಜೊತೆ ಕೆಲ್ಸ. ತಾನಾಗೇ ಉದ್ರೋಗಂಟ ಬಿಚ್ಚಂಗಿಲ್ಲ ಕಣೋ."

ದಾರದ ತುದಿ ಗೇಣುದ್ದ ಜೋತಾಡುತ್ತಿತ್ತು. ಆ ತಿರುಗುವ ಬೈರಿಗೆಗೆ ಅದೆಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ನನಗೆ ಭಯ.

"ತುದೀನಾದ್ರೂ ಕತ್ತರಿಸ್ಲಾ ಅತ್ತೆ?"

"ದೇವ್ರ ದಾರಕ್ಕೆ ಕತ್ತರಿ ಹಾಕ್ತಾರೇನೇ?"

"ನಿಮ್ಮಿಬ್ರ ನ್ಯಾಯ ಮುಗಿಯೋದ್ರೊಳ್ಗೆ ಅದೇ ಉದುರುತ್ತೆ ಬುಡು," ಎಂದು ಇವರು ನಕ್ಕು ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿಕೊಂಡರು.

ಒಂದು ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ್ದೆ, ಕರೆಂಟ್ ಹೋಯಿತು. ಗೊಣಗುತ್ತಿರುವಾಗಲೇ ಶೆಡ್ಡಿನಿಂದ ಕೂಗು: "ಲೇ, ಬೇಗ ಬಾರೇ! ಸ್ವಿಚ್ಚು ಆಫ್ ಮಾಡು!"

ಓಡಿದೆ. ಕರೆಂಟ್ ಹೋದ ಮೇಲೂ ಮಷೀನು ಒಂದಿಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ನಿಂತೇ ಹೋಯಿತೆಂದು ಇವರು ಮರದ ಹೊಟ್ಟು ಬಳಿಯಲು ಕೈ ಹಾಕಿದ್ದಾರೆ. ಸುತ್ತಿನಿಂದ ಬಿಚ್ಚಿಕೊಂಡಿದ್ದ ದಾರದ ತುದಿ ಬೈರಿಗೆಗೆ ಸುತ್ತಿಕೊಂಡು, ಮಣಿಕಟ್ಟನ್ನು ಅದಕ್ಕೇ ಕಟ್ಟಿಹಾಕಿದೆ. ಎಡಗೈ ಎಷ್ಟು ಚಾಚಿದರೂ ಗೋಡೆಯ ಸ್ವಿಚ್ಚು ಎಟುಕುತ್ತಿಲ್ಲ. ನಮ್ಮ ಕಡೆ ಕರೆಂಟು ಹೋದರೆ ಮಧ್ಯಾಹ್ನಕ್ಕೆ ಬರಬಹುದು, ಮರುಗಳಿಗೆಗೇ ಬರಬಹುದು. ಬಂದರೆ ಕೈ ಉಳಿಯುವುದಿಲ್ಲ.

ಸ್ವಿಚ್ಚು ಆರಿಸಿದೆ. ನಂಬಿಕೆ ಸಾಲದೆ ಪ್ಲಗ್ಗನ್ನೂ ಕಿತ್ತೆ. ಅಷ್ಟರಲ್ಲಿ ಬಂದ ಅತ್ತೆ ಮಗನ ಕೈ ನೋಡಿದವರೇ, ಅಲ್ಲೇ ಇದ್ದ ಈಳಿಗೆಯ ಅಲಗು ಎತ್ತಿ ನನಗೆ ಕೊಟ್ಟರು.

"ಕುಯ್ಯೇ."

"ದೇವ್ರ ದಾರ, ಅತ್ತೆ..."

"ಸ್ವಾಮಿ ನನ್ ಮಗನ ಕೈ ಕೇಳವ್ನೇನೇ? ಕುಯ್ಯಿ ಅಂದ್ರೆ!"

ಕೊಯ್ದೆ. ಇವರು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಇನ್ನೂ ಉಸಿರು ಬಿಟ್ಟಿರಲಿಲ್ಲ, ಅಡುಗೆಮನೆಯಲ್ಲಿ ಮಿಕ್ಸಿ ತಾನಾಗಿಯೇ ಗರ್ರೆಂದು ಕೂಗಿತು. ಓಡಿಬರುವ ಗಾಬರಿಯಲ್ಲಿ ಅದನ್ನು ಆರಿಸಿರಲಿಲ್ಲ. ಮೂವರೂ ಮಷೀನಿನ ಕಡೆ ನೋಡಿದೆವು. ಅದು ಸುಮ್ಮನೆ ನಿಂತಿತ್ತು. ಅತ್ತೆ ಮಗನ ಕೈ ಹಿಡಿದು ಹಿಂದುಮುಂದು ತಿರುಗಿಸಿ ನೋಡಿದರು.

"ಹೋಗೇ, ಚಟ್ನಿ ರುಬ್ಬಿ ರುಬ್ಬಿ ಗಂಧ ಆಗೋಯ್ತು," ಎಂದರು ಇವರು ಮಣಿಕಟ್ಟು ಉಜ್ಜಿಕೊಳ್ಳುತ್ತಾ. ಬಳೆ ತೊಟ್ಟಂತೆ ಒಂದು ಕೆಂಪು ಬರೆ, ಅಷ್ಟೇ. ಅಷ್ಟರಲ್ಲೇ ಹೋಯಿತಲ್ಲ ಎಂದು ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಅವತ್ತೇ ಸಂಜೆ ಅತ್ತೆ ಕೈಕಾಲು ತೊಳೆದು ಬಂದು, ಉಳಿದ ದಾರವನ್ನು ಮಷೀನಿನದೇ ಹಿಂಬದಿಯ ಕಬ್ಬಿಣದ ಕಂಬಕ್ಕೆ, ತಿರುಗದ ಜಾಗ ನೋಡಿ ಕಟ್ಟಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಕತ್ತರಿ ಕೊಡೇ."

ಗಂಟಿನ ಬುಡಕ್ಕೇ ತುದಿ ಕತ್ತರಿಸಿದರು.

ಈಗ ಕರೆಂಟ್ ಹೋದರೆ ನಾನು ಗೊಣಗುವುದಿಲ್ಲ. ಮಿಕ್ಸಿ ಆರಿಸಿ, ಕಿಟಕಿಯಿಂದ, "ರೀ, ಸ್ವಿಚ್ಚು?" ಎನ್ನುತ್ತೇನೆ. "ಆರ್ಸಿದೀನಿ ಕಣೇ," ಎಂದು ದನಿ ಬಂದರೆ, ಅರ್ಧ ರುಬ್ಬಿದ ಚಟ್ನಿಯ ಮುಂದೆಯೇ ನಿಂತು ದುರ್ಗದ ಸ್ವಾಮಿಗೆ ಕೈ ಮುಗಿಯುತ್ತೇನೆ.